ವರ್ಷ ಬಿಡಿ, ದಿನ ಹೇಳಿ

ಕೇಳುಗರಿಗೆ ನಮಸ್ಕಾರ. ಈ ವರ್ಷ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಮೇಡಂ, 2026 ಚೀನಾದವರ ಲೆಕ್ಕದಲ್ಲಿ ಬೆಂಕಿ ಕುದುರೆ ವರ್ಷವಂತೆ. ಈಗ ಹುಟ್ಟುವ ಮಗು ಹೇಗಿರುತ್ತೆ?" ಇನ್ನು ಕೆಲವರು ಮೊಬೈಲ್ ಮುಂದೆ ಹಿಡಿದು, ಹುಟ್ಟಿದ ವರ್ಷದ ಪ್ರಾಣಿ ತೋರಿಸಿ, "ನಾನು ಹುಲಿ, ನನ್ನ ಹೆಂಡತಿ ಕೋತಿ, ನಮಗೆ ಆಗಿಬರುತ್ತಾ?" ಅಂತಾರೆ. ಎಲ್ಲರಿಗೂ ನನ್ನ ಉತ್ತರ ಒಂದೇ. ವರ್ಷ ಬಿಡಿ, ದಿನ ಹೇಳಿ.

ಈ ಜಾತಕಕ್ಕೆ ಚೀನಾದಲ್ಲಿ ಬಾಝಿ ಅಂತಾರೆ, ಅಂದರೆ ಎಂಟು ಅಕ್ಷರ. ಕೊರಿಯಾದಲ್ಲಿ ಸಾಜು, ಅಂದರೆ ನಾಲ್ಕು ಕಂಬ. ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತು, ಇವೇ ಆ ನಾಲ್ಕು. ಒಂದೊಂದು ಕಂಬಕ್ಕೆ ಎರಡೆರಡು ಅಕ್ಷರ. ಮೇಲಿನದು ಮರ, ಬೆಂಕಿ, ಮಣ್ಣು, ಲೋಹ, ನೀರು ಇವುಗಳಲ್ಲಿ ಒಂದು. ಕೆಳಗಿನದು 12 ಪ್ರಾಣಿಗಳಲ್ಲಿ ಒಂದು. ವರ್ಷದ ಕಂಬದಲ್ಲಿ ಮೇಲೆ ಬೆಂಕಿ, ಕೆಳಗೆ ಕುದುರೆ ಬಂದರೆ ಅದೇ ಬೆಂಕಿ ಕುದುರೆ ವರ್ಷ, 60 ವರ್ಷಕ್ಕೊಮ್ಮೆ ಬರುತ್ತೆ. ನಮ್ಮ ಹಾಗೆ ಯಾವ ಗ್ರಹ ಯಾವ ಮನೆಯಲ್ಲಿದೆ ಅಂತ ನೋಡುವುದಿಲ್ಲ.

ಈ ಎಂಟರಲ್ಲಿ ನೀವು ಯಾರು? ದಿನದ ಕಂಬದ ಮೇಲಿನ ಅಕ್ಷರ. ಅದೊಂದೇ ನೀವು. ವರ್ಷದ ಕಂಬ ಅಜ್ಜ ಅಜ್ಜಿ, ಮನೆತನ. ತಿಂಗಳು ಅಪ್ಪ ಅಮ್ಮ. ಹೊತ್ತು ಮಕ್ಕಳು. ಹಿಂದೆ ವರ್ಷಕ್ಕೇ ಜಾಸ್ತಿ ಬೆಲೆ ಇತ್ತು. ಸುಮಾರು 1000 ವರ್ಷದ ಹಿಂದೆ, ಸೋಂಗ್ ಅರಸರ ಕಾಲದಲ್ಲಿ, ಶೂ ಝಿಪಿಂಗ್ ಎಂಬುವರು ದಿನವನ್ನು ನಡುವೆ ಕೂರಿಸಿದರು ಅಂತ ಈ ವಿದ್ಯೆಯವರು ಹೇಳುತ್ತಾರೆ. ಇಷ್ಟು ಕಾಲ ಆದರೂ ಜನ ವರ್ಷದ ಪ್ರಾಣಿಯನ್ನೇ ಹಿಡಿದು ಕೂತಿದ್ದಾರಲ್ಲ, ಅದೇ ನನಗೆ ಸಂಕಟ.

ಹಾಗೆ ಕೂತರೆ ಏನಾಗುತ್ತೆ ಗೊತ್ತಾ? ಜಪಾನಿನಲ್ಲಿ ಬೆಂಕಿ ಕುದುರೆ ವರ್ಷದ ಹೆಣ್ಣು ಗಂಡನನ್ನು ತಿನ್ನುತ್ತಾಳೆ ಅಂತ ಒಂದು ಮಾತು. 1965ರಲ್ಲಿ ಅಲ್ಲಿ 18 ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟಿದವು. 1966 ಬೆಂಕಿ ಕುದುರೆ ವರ್ಷ. ಹುಟ್ಟಿದ್ದು ಬರೀ 13.6 ಲಕ್ಷ. ಮರುವರ್ಷ ಮತ್ತೆ 19 ಲಕ್ಷ ದಾಟಿತು. ಬರ ಇಲ್ಲ, ಯುದ್ಧ ಇಲ್ಲ. ಸುಮ್ನೆ ಒಂದು ಹೆಸರಿಗೆ ಹೆದರಿ ಇಡೀ ದೇಶ ಹೀಗೆ ಮಾಡಿತು.

ನಾನು ಒಸಾಕಾದಲ್ಲಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬರು ಬಟ್ಟೆ ಹೊಲಿಯುತ್ತಿದ್ದರು. 1966ರ ನವೆಂಬರ್‌ನಲ್ಲಿ ಹುಟ್ಟಿದವರು. ಹುಟ್ಟಿದ ತಾರೀಕನ್ನು ಜನವರಿಗೆ ದೂಡಿ ಬರೆಸೋಣ ಅಂತ ಅವರ ಅಜ್ಜಿ ಹಟ ಹಿಡಿದಿದ್ದರಂತೆ. ತಾಯಿ ಒಪ್ಪಲಿಲ್ಲ. ಶಾಲೆಯಲ್ಲಿ ಇವರ ತರಗತಿಯಲ್ಲಷ್ಟೇ ಮಕ್ಕಳು ಕಡಿಮೆ. ಮುಂದೆ ಎರಡು ಸಂಬಂಧ ಬಂದು, ಹುಟ್ಟಿದ ವರ್ಷ ಕೇಳಿ ಹಾಗೇ ವಾಪಸ್ ಹೋದವು. ಇದನ್ನೆಲ್ಲ ಅವರು ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ ಹೇಳಿದರು.

ನನಗೆ ತಡೆಯಲಾಗಲಿಲ್ಲ. ಮನೆಗೆ ಓಡಿ ಪಂಚಾಂಗದ ಪುಸ್ತಕ ತಂದೆ. ಅಲ್ಲೇ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಅವರ ಕಂಬಗಳನ್ನು ಬರೆದೆ. ದಿನದ ಅಕ್ಷರ ಏನು ಬಂತು ಗೊತ್ತಾ? ನೀರು! ಹುಟ್ಟಿದ ತಿಂಗಳು ಹಂದಿ, ಅದೂ ನೀರಿನ ತಿಂಗಳೇ. ನೀರಿನಲ್ಲೂ ಎರಡು ಬಗೆ. ಒಂದು ಸಮುದ್ರ, ಹೊಳೆ. ಇನ್ನೊಂದು ಮಂಜು, ತುಂತುರು. ಇವರದು ತುಂತುರು. ಸದ್ದಿಲ್ಲದೆ ನೆಲಕ್ಕೆ ಇಳಿಯುವ ಸ್ವಭಾವ. ಬೆಂಕಿ ಕುದುರೆ ಕೂತಿದ್ದದ್ದು ವರ್ಷದ ಕಂಬದಲ್ಲಿ, ಅಜ್ಜ ಅಜ್ಜಿಯ ಜಾಗದಲ್ಲಿ! ಅವರು ಬಹಳ ಹೊತ್ತು ಕಾಗದ ನೋಡಿದರು. "ಹಾಗಾದರೆ ನಾನು ಸೋನೆ ಮಳೆಯಾ?" ಅಂದರು. ಮಡಿಸಿ ಮಷಿನ್ನಿನ ಡ್ರಾಯರ್‌ಗೆ ಹಾಕಿಕೊಂಡರು.

ನಮ್ಮ ಲೆಕ್ಕವನ್ನೂ ನೋಡಿ. ನಮ್ಮಲ್ಲೂ 60 ಸಂವತ್ಸರದ ಸುತ್ತು. ಈ ಯುಗಾದಿಗೆ ಬಂದದ್ದು ಪರಾಭವ. 1966ರ ಯುಗಾದಿಗೂ ಅದೇ. ಪರಾಭವ ಅಂದರೆ ಸೋಲು. ಆ ವರ್ಷ ಹುಟ್ಟಿದ ನಿಮ್ಮ ಅಕ್ಕನನ್ನೋ ಮಾವನನ್ನೋ ಯಾರಾದರೂ ಸೋಲಿನ ಕೂಸು ಅಂದರಾ? ಇಲ್ಲ, ಅಲ್ವಾ? ನಕ್ಷತ್ರ ಯಾವುದು ಅಂತ ಕೇಳಿದರು. ಅಲ್ಲಿಯದಕ್ಕೂ ಅಷ್ಟೇ ನ್ಯಾಯ ಮಾಡಿ. ದಿನ ಕೇಳಿ.

ಹತ್ತು ಹತ್ತು ವರ್ಷಕ್ಕೆ ಬದಲಾಗುವ ದಶೆ, ಗಂಡು ಹೆಣ್ಣಿನ ಹೊಂದಾಣಿಕೆ, ಇವನ್ನೆಲ್ಲ ಹೇಳಬೇಕಿತ್ತು, ಸಮಯ ಮುಗಿಯುತ್ತಿದೆ. ಎರಡು ಮಾತು ಬರೆದುಕೊಳ್ಳಿ. ಈ ಲೆಕ್ಕದಲ್ಲಿ ವರ್ಷ ಬದಲಾಗುವುದು ಫೆಬ್ರವರಿ 4ರ ಸುಮಾರಿಗೆ, ಜಪಾನಿನ ಜನ ಎಣಿಸುವ ಹಾಗೆ ಜನವರಿ 1ಕ್ಕಲ್ಲ. ಒಂದು ಹೊತ್ತು ಅಂದರೆ ಎರಡು ಗಂಟೆ, ಹಾಗಾಗಿ ಹುಟ್ಟಿದ ಸಮಯವನ್ನು ಅಮ್ಮನ ಹತ್ತಿರ ಸರಿಯಾಗಿ ಕೇಳಿಕೊಳ್ಳಿ. ಈ ವರ್ಷ ಮನೆಗೆ ಮಗು ಬರುವುದಿದ್ದರೆ ಹೆದರಬೇಡಿ. ಅದರ ದಿನ ಇನ್ನೂ ಬಂದಿಲ್ಲ.

ಬರುವ ನವೆಂಬರ್‌ಗೆ ಒಸಾಕಾದ ಆ ನನ್ನ ಗೆಳತಿಗೆ 60 ತುಂಬುತ್ತದೆ. ನಮ್ಮ ಷಷ್ಟ್ಯಬ್ದಿಯ ಹಾಗೆ ಅಲ್ಲೂ ಆಚರಿಸುತ್ತಾರೆ, ತೋಳಿಲ್ಲದ ಕೆಂಪು ಅಂಗಿ ತೊಡಿಸುತ್ತಾರೆ. ತನ್ನದನ್ನು ತಾನೇ ಹೊಲಿಯುತ್ತಿದ್ದೇನೆ ಅಂತ ಫೋನ್ ಮಾಡಿದ್ದರು. ನಾನು ಟಿಕೆಟ್ ತೆಗೆದಾಗಿದೆ. ನಮಸ್ಕಾರ.