ಪಾದ ನೋಡಿ ಆರಿಸಿದ ಗಂಡ

ನಮಸ್ಕಾರ. ಅಡಿಕೆ ಸುಲಿಯುತ್ತ ರೇಡಿಯೋ ಹಾಕಿಕೊಂಡವರೇ, ಬೆರಳು ಜೋಪಾನ. ಇವತ್ತಿನ ಕಥೆ ದೂರದ್ದು, 13ನೇ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೊರಿ ಸ್ಟುರ್ಲುಸನ್ ಬರೆದಿಟ್ಟದ್ದು.

ಸ್ಕಾದಿ ಬೆಟ್ಟದ ಹುಡುಗಿ, ದೈತ್ಯರ ಕುಲ. ಅವಳ ಅಪ್ಪ ಥಿಯಾಜಿಯನ್ನು ದೇವತೆಗಳು ಕೊಂದರು. ಇವಳು ಕವಚ ತೊಟ್ಟು, ಆಯುಧ ಹಿಡಿದು ನೇರ ಅವರ ಊರಿಗೇ ಬಂದಳು. ಅವರು ರಾಜಿಗೆ ಕೂತರು. ನಮ್ಮಲ್ಲೇ ಒಬ್ಬ ಗಂಡನನ್ನು ಆರಿಸಿಕೋ, ಆದರೆ ಪಾದ ಮಾತ್ರ ನೋಡಬೇಕು ಅಂದರು. ಅವಳ ಮನಸ್ಸು ಚೆಲುವ ಬಾಲ್ಡರನ ಮೇಲೆ. ಎಲ್ಲಕ್ಕಿಂತ ಚೆಂದದ ಪಾದ ನೋಡಿ ಇವನೇ ಅಂದಳು. ನೋಡಿದರೆ ಕಡಲಿನ ದೇವರು ನ್ಯೋರ್ಡ್!

ನಗಬೇಡಿ. ಆ ನ್ಯೋರ್ಡನೂ ಒತ್ತೆಯಾಳೇ. ವಾನಿರ್ ಮತ್ತು ಏಸಿರ್ ಅಂತ ದೇವತೆಗಳದೇ ಎರಡು ಕುಲ, ಅವರೊಳಗೆ ಯುದ್ಧವಾಗಿ, ಸಂಧಿಗೆಂದು ವಾನಿರ್ ಕಡೆಯಿಂದ ಬಂದು ಉಳಿದವನು. ಅದಕ್ಕೇ ಹೇಳುವುದು, ಇದು ಮದುವೆ ಅಲ್ಲ, ರಾಜಿ. ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದರೂ ಮಕ್ಕಳಿಗೆ ಪಾದವೊಂದೇ ನೆನಪಿರುತ್ತೆ.

ನಮ್ಮ ಸೋದರತ್ತೆಯನ್ನು ತೀರ್ಥಹಳ್ಳಿ ಕಡೆಯಿಂದ ಘಟ್ಟದ ಕೆಳಗೆ, ಮಲ್ಪೆ ಹತ್ತಿರ ಕೊಟ್ಟಿದ್ದರು. ಅಡಿಕೆ ಬಾಕಿ ವಿಷಯಕ್ಕೆ ಅಜ್ಜನಿಗೂ ಆ ಮನೆಯವರಿಗೂ ಮಾತು ಬಿಟ್ಟು ಹೋಗಿತ್ತಂತೆ, ಸಂಬಂಧ ಬೆಳೆಸಿದರೆ ಎಲ್ಲ ಸರಿಹೋಗುತ್ತೆ ಅಂತ ಯಾರೋ ಹಿರಿಯರು ಅಂದರು, ಅತ್ತೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಮೊದಲ ವರ್ಷ ಅವರಿಗೆ ನಿದ್ದೆಯೇ ಇಲ್ಲ. ರಾತ್ರಿಯಿಡೀ ಕಡಲು ಮೊರೆಯುತ್ತೆ, ಸೆಕೆ ಬೇರೆ. ಮಾವ ಇಲ್ಲಿಗೆ ಬಂದರೆ ಆಗುಂಬೆ ಸುತ್ತು ಹತ್ತುವಾಗಲೇ ಮುಖ ಸಪ್ಪೆ, ತೋಟಕ್ಕೆ ಇಳಿದರೆ ಕಾಲಿಗೆ ಉಂಬಳ, ಸಂಜೆಯಾದರೆ ಜೀರುಂಡೆ, "ಇಲ್ಲಿ ಮನುಷ್ಯರು ಹೇಗೆ ಇರ್ತಾರೆ ಮಾರಾಯ್ರೆ" ಅನ್ನೋರು. ಕಂಬಳಿ ಹೊದ್ದು, ಅಜ್ಜಿಯ ಕಷಾಯ ಕುಡಿದು, ಮೂರನೇ ದಿನ ಬೆಳಗ್ಗೆ ಬಸ್ಸಿಗೆ ಕಾಯುತ್ತ ನಿಂತಿರೋರು. ಬಾಕಿ ದುಡ್ಡಂತೂ ಬರಲೇ ಇಲ್ಲ ಬಿಡಿ.

ನ್ಯೋರ್ಡನದೂ ಅದೇ ಪಾಡು. 9 ರಾತ್ರಿ ಅವಳ ಬೆಟ್ಟದಲ್ಲಿ ಇದ್ದು ಬಂದು, ತೋಳ ಊಳಿಡುವುದು ಸಾಕಾಯ್ತು, ಹಂಸದ ದನಿಯೇ ವಾಸಿ ಅಂದ. ಅವಳೋ, ಕಡಲ ಬದಿಯಲ್ಲಿ ಮಲಗಿದರೆ ದಿನಾ ಬೆಳಗ್ಗೆ ಕಡಲಕ್ಕಿ ಕಿರುಚಿ ಎಬ್ಬಿಸುತ್ತೆ ಅಂದಳು. ರಾಜಿ ಮಾಡಿಸಿದವರು ಯಾರೂ ಅಲ್ಲಿ ಮಲಗಬೇಕಿರಲಿಲ್ಲ, ಅಲ್ವಾ?

ಅವಳನ್ನು ನಗಿಸಬೇಕು ಅಂತಲೂ ಒಂದು ಷರತ್ತಿತ್ತು. ದೇವತೆಗಳ ನಡುವಿನ ತುಂಟ ಲೋಕಿ ಒಂದು ಮೇಕೆ ತಂದು ಏನೋ ಮಾಡಿದ, ಅದನ್ನು ಬಾನುಲಿಯಲ್ಲಿ ಹೇಳುವ ಹಾಗಿಲ್ಲ. ಅಪ್ಪನ ಕಣ್ಣೆರಡನ್ನೂ ಆಕಾಶಕ್ಕೆಸೆದು ನಕ್ಷತ್ರ ಮಾಡಿದರು, ಅದೂ ಪರಿಹಾರದ ಲೆಕ್ಕವೇ. ಗಾಜಿನಾಚೆಯಿಂದ ಸಮಯ ಆಯ್ತು ಅಂತ ಕೈ ತೋರಿಸುತ್ತಿದ್ದಾರೆ. ಇರಿ ಸ್ವಾಮಿ, ಒಂದೇ ಮಾತು. ಸ್ಕಾದಿ ಹಿಮದ ಮೇಲೆ ಜಾರುವ ಹಲಗೆ ಕಾಲಿಗೆ ಕಟ್ಟಿ, ಬಿಲ್ಲು ಹಿಡಿದು, ಅಪ್ಪನ ಬೆಟ್ಟದ ಮನೆಗೇ ವಾಪಸು ಹೋದಳು. ನಮಸ್ಕಾರ.