ತಟ್ಟೆ ಓರೆ ಮಾಡಿ, ಬೆಳಕಿಗೆ ಹಿಡೀರಿ

ನಮಸ್ಕಾರ ಕೇಳುಗರೇ. ಹಳೇ ಗ್ರಾಮಫೋನ್ ರೆಕಾರ್ಡ್ ಕೊಳ್ಳೋರಿಗೆ ನಾಲ್ಕು ಮಾತು ಹೇಳಿ ಅಂತ ನನ್ನ ಕರೆದಿದಾರೆ. ನಾಲ್ಕು ಬೇಡ, ಒಂದೇ ಹೇಳ್ತೀನಿ, ಉಳಿದ ಮೂರು ಅಂಗಡಿಯವನೇ ಹೇಳ್ತಾನೆ. ಕವರ್ ನೋಡಬೇಡಿ, ತಟ್ಟೆ ನೋಡಿ. ತಟ್ಟೇಲೂ ಹಾಡಿರೋ ಭಾಗ ಅಲ್ಲ, ಕೊನೇ ಹಾಡು ಮುಗಿದ ಮೇಲೆ ಲೇಬಲ್‌ಗೆ ಮುಂಚೆ ಒಂದು ಖಾಲಿ ಪಟ್ಟಿ ಇರುತ್ತಲ್ಲ, ಮುಳ್ಳು ಬಂದು ಸರ್ ಸರ್ ಅಂತ ಸುಮ್ನೆ ಸುತ್ತುತ್ತಲ್ಲ, ಆ ಪಟ್ಟಿ. ಕಲೆಕ್ಟರ್‌ಗಳು ಇದನ್ನ ಡೆಡ್ ವ್ಯಾಕ್ಸ್ ಅಂತಾರೆ, ರನ್‌ಔಟ್ ಅಂತಾರೆ, ನೀವು ಏನು ಬೇಕಾದ್ರೂ ಅನ್ನಿ. ತಟ್ಟೆನ ಅಂಚಲ್ಲಿ ಹಿಡ್ಕೊಂಡು ಸ್ವಲ್ಪ ಓರೆ ಮಾಡಿ ಬೆಳಕಿಗೆ ಹಿಡಿದ್ರೆ ಅಲ್ಲಿ ಸಣ್ಣ ಸಣ್ಣ ಅಕ್ಷರ ಕಾಣುತ್ತೆ, ಯಾರೋ ಸೂಜೀಲಿ ಗೀಚಿದ ಹಾಗೆ. ಗೀಚಿರೋದೇ ಅದು, ಕೈಯಾರೆ. ಆ ತಟ್ಟೆ ಚೆನ್ನಾಗಿ ಕೇಳುತ್ತೋ ಇಲ್ವೋ ಅನ್ನೋದರ ಅರ್ಧ ಜಾತಕ ಅಲ್ಲೇ ಇದೆ.

ನಂಗೆ ಗೊತ್ತು, ಈಗ ಕೇಳ್ತಾ ಇರೋರಲ್ಲಿ ಮುಂಬೈ ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಲಾಫ್ಟ್ ಮೇಲೆ ಅಪ್ಪನ ಕಾಲದ ರೆಕಾರ್ಡ್ ಪೆಟ್ಟಿಗೆ ಇಟ್ಕೊಂಡಿರೋರು ಇದೀರಿ, ಹೋಟೆಲ್ ಗಲ್ಲಾದಲ್ಲಿ ಕೂತು ರೇಡಿಯೋ ಹಾಕ್ಕೊಂಡಿರೋರೂ ಇದೀರಿ. ನಿಮ್ಮೆಲ್ಲರ ಮೊದಲನೇ ಪ್ರಶ್ನೆ ಒಂದೇ, ಸಾರ್ ಇದಕ್ಕೆ ಎಷ್ಟು ಸಿಗುತ್ತೆ. ಫೋನಲ್ಲಿ ಕವರಿನ ಫೋಟೋ ಕಳಿಸ್ತಾರೆ ನನಗೆ! ಕವರ್ ನೋಡಿ ನಾನೇನು ಹೇಳ್ಲಿ? ಚೋರ್ ಬಜಾರಿನ ಮಟನ್ ಸ್ಟ್ರೀಟಲ್ಲಿ ಒಂದರ ಕವರಿಗೆ ಇನ್ನೊಂದರ ತಟ್ಟೆ ತುರುಕಿರ್ತಾರೆ. ಅಷ್ಟೇ ಅಲ್ಲ, ಕವರ್ ಸರಿ, ಲೇಬಲ್ ಸರಿ, ಕಂಪನಿ ನಂಬರೂ ಅದೇ, ಆದ್ರೂ ಎರಡು ತಟ್ಟೆ ಎರಡು ಥರ ಕೇಳುತ್ತೆ. ಯಾಕೆ? ಕತ್ತರಿಸಿದವನು ಬೇರೆ.

ಕತ್ತರಿಸೋದು ಅಂದ್ರೆ ಏನು ಅಂತ ಬೇಗ ಹೇಳ್ಬಿಡ್ತೀನಿ. ಸ್ಟುಡಿಯೋದಲ್ಲಿ ಹಾಡು ಟೇಪ್ ಮೇಲೆ ಇರುತ್ತೆ. ಅದನ್ನ ತಟ್ಟೆಗೆ ತರೋನು ಮಾಸ್ಟರಿಂಗ್ ಇಂಜಿನಿಯರ್. ಅಲ್ಯೂಮಿನಿಯಂ ತಟ್ಟೆಗೆ ಲ್ಯಾಕರ್ ಬಳಿದಿರ್ತಾರೆ, ಅದು ಲೇತ್ ಮೇಲೆ ತಿರುಗ್ತಾ ಇರುತ್ತೆ, ಮೇಲಿಂದ ನೀಲಮಣಿಯ ಮೊನೆ ಇಳಿದು ಸುರುಳಿ ಸುರುಳಿಯಾಗಿ ಗೀರು ಕೊರೀತಾ ಹೋಗುತ್ತೆ. ಬೇಸ್ ಜಾಸ್ತಿ ಆದ್ರೆ ಗೀರು ಅಕ್ಕಪಕ್ಕ ಜೋರಾಗಿ ಓಲಾಡುತ್ತೆ, ಓಲಾಡೋಕೆ ಜಾಗ ಬೇಕು, ಒಂದು ಕಡೆಗೆ ಹದಿನೆಂಟು ಇಪ್ಪತ್ತು ನಿಮಿಷದ ಹಾಡಿದ್ರೆ ಆರಾಮ, ಇಪ್ಪತ್ತೇಳು ನಿಮಿಷ ತುಂಬಿಸಿ ಅಂದ್ರೆ ಅದು ಸಂಜೆ ಆರೂವರೆಯ ದಾದರ್ ಸ್ಟೇಷನ್, ಎಲ್ಲರೂ ಕೈಕಾಲು ಒಳಗೆಳೆದುಕೊಂಡು ನಿಲ್ಲಬೇಕು, ಅಂದ್ರೆ ಸದ್ದು ಕಮ್ಮಿ ಮಾಡ್ಬೇಕು, ಬೇಸ್ ಕಮ್ಮಿ ಮಾಡ್ಬೇಕು. ಎಷ್ಟು ಕಮ್ಮಿ, ಎಲ್ಲಿ ಕಮ್ಮಿ, ಇದು ಪೂರ್ತಿ ಆ ಇಂಜಿನಿಯರ್ ಕಿವಿಗೆ ಬಿಟ್ಟಿದ್ದು. ಕೊರೆದಾದ ಮೇಲೆ ಅವನೇ ಒಂದು ಮೊನೆ ತಗೊಂಡು ಖಾಲಿ ಪಟ್ಟಿ ಮೇಲೆ ನಂಬರ್ ಬರೀತಾನೆ, ಪಕ್ಕದಲ್ಲಿ ತನ್ನ ಇನಿಷಿಯಲ್ಲೂ ಗೀಚ್ತಾನೆ. ಆಮೇಲೆ ಆ ಲ್ಯಾಕರಿಗೆ ಬೆಳ್ಳಿ ಸಿಂಪಡಿಸಿ ನಿಕಲ್ ಲೇಪಿಸಿ ಒಂದು ಲೋಹದ ಪಡಿಯಚ್ಚು ತೆಗೀತಾರೆ, ಅದರಿಂದ ಮದರ್ ಅನ್ನೋ ಇನ್ನೊಂದು ಲೋಹದ ತಟ್ಟೆ, ಮದರ್‌ನಿಂದ ಸ್ಟ್ಯಾಂಪರ್ ಅನ್ನೋ ಒತ್ತಚ್ಚು, ಸ್ಟ್ಯಾಂಪರಲ್ಲಿ ಒತ್ತಿದ್ದೇ ನಿಮ್ಮ ಕೈಗೆ ಬರೋ ತಟ್ಟೆ. ಹಾಡಿನ ಗೀರಿನ ಜೊತೆ ಅವನ ಕೈಬರಹವೂ ಹಾಗೇ ಬರುತ್ತೆ, ಪ್ರತಿ ಕಾಪಿಯಲ್ಲೂ. ಅದಕ್ಕೇ ಹೇಳ್ತಿರೋದು, ಓರೆ ಮಾಡಿ ನೋಡಿ.

ಈಗ ನನಗೆ ಇಷ್ಟವಾದ ಕತೆ. 1969. ನ್ಯೂಯಾರ್ಕಿನ ಸ್ಟರ್ಲಿಂಗ್ ಸೌಂಡ್ ಅನ್ನೋ ಜಾಗದಲ್ಲಿ ಬಾಬ್ ಲುಡ್ವಿಗ್ ಅಂತ ಒಬ್ಬ ಹುಡುಗ, ವಯಸ್ಸು 24, ಟ್ರಂಪೆಟ್ ಊದೋದನ್ನ ಶಾಸ್ತ್ರೀಯವಾಗಿ ಕಲಿತು ಬಂದೋನು. ಅವನ ಮುಂದೆ ಲೆಡ್ ಜೆಪಲಿನ್ ಅನ್ನೋ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಎರಡನೇ ಆಲ್ಬಮ್ಮಿನ ಟೇಪ್ ಬರುತ್ತೆ. ಇವನು ಕೇಳ್ತಾನೆ, ಡ್ರಮ್ ಗೋಡೆ ಅಲ್ಲಾಡಿಸೋ ಹಾಗಿದೆ, ಬೇಸ್ ಹೊಟ್ಟೆಗೆ ಗುದ್ದೋ ಹಾಗಿದೆ. ಬೇರೆಯವರಾಗಿದ್ರೆ ಅಯ್ಯೋ ಅಗ್ಗದ ಪ್ಲೇಯರಲ್ಲಿ ಮುಳ್ಳು ಹಾರುತ್ತೆ ಅಂತ ಹೆದರಿ ಎಲ್ಲ ತಗ್ಗಿಸಿಬಿಡೋರು. ಇವನು ತಗ್ಗಿಸಲಿಲ್ಲ. ಟೇಪಲ್ಲಿ ಎಷ್ಟು ಜೋರಿತ್ತೋ ಅಷ್ಟೂ ಜೋರಾಗಿ ಕೊರೆದ. ಕೊರೆದು ಖಾಲಿ ಪಟ್ಟಿ ಮೇಲೆ ಆರ್‌ಎಲ್ ಅಂತ ಗೀಚಿದ, ಬಾಬ್ ಅಂದ್ರೆ ರಾಬರ್ಟ್, ರಾಬರ್ಟ್ ಲುಡ್ವಿಗ್, ಸ್ಟರ್ಲಿಂಗ್ ಸೌಂಡ್‌ಗೆ ಎಸ್‌ಎಸ್. ರೆಕಾರ್ಡ್ ಅಂಗಡಿಗೆ ಬಂತು. ಆ ರೆಕಾರ್ಡ್ ಹೊರತಂದ ಅಟ್ಲಾಂಟಿಕ್ ಕಂಪನಿಯ ದೊಡ್ಡ ಯಜಮಾನರು ಅಹ್ಮೆತ್ ಎರ್ಟೆಗುನ್, ಅವರು ಮಗಳಿಗೆ ಒಂದು ಕಾಪಿ ಕೊಟ್ರಂತೆ, ಮಗು ತನ್ನ ಪುಟ್ಟ ಅಗ್ಗದ ಪ್ಲೇಯರಲ್ಲಿ ಹಾಕ್ತು, ಮುಳ್ಳು ಹಾರಿಹೋಯ್ತು! ಲುಡ್ವಿಗ್ ಆಮೇಲೆ ತಾನೇ ಹೇಳಿಕೊಂಡಿರೋ ಕತೆ ಇದು. ಯಜಮಾನರು ಏನ್ಮಾಡಿದ್ರು? ಮಗಳಿಗೆ ಒಳ್ಳೇ ಪ್ಲೇಯರ್ ಕೊಡಿಸಬಹುದಿತ್ತಲ್ವಾ, ಅದೇ ಕಂಪನಿ ಯಜಮಾನ ಕಣ್ರೀ! ಅದು ಬಿಟ್ಟು, ಈ ಕಟಿಂಗ್ ವಾಪಸ್ ತಗೊಳ್ಳಿ, ಬೇಸ್ ತಗ್ಗಿಸಿ ಸದ್ದು ಅಮುಕಿ ಇನ್ನೊಂದು ಕೊರೀರಿ ಅಂದ್ರು. ಕೊರೆದ್ರು. ಅದೇ ಕವರ್, ಅದೇ ಲೇಬಲ್, ಅದೇ ಹಾಡು, ಅದೇ ನಂಬರ್, ಲಕ್ಷಗಟ್ಟಲೆ ಹೋಯ್ತು. ಹುಡುಗ ಕೊರೆದಿದ್ದು ಇರೋದು ಮೊದಮೊದಲು ಒತ್ತಿದ ಕಾಪಿಗಳಲ್ಲಿ ಮಾತ್ರ. ಇವತ್ತು ಆ ಆರ್‌ಎಲ್ ಇರೋ ಕಾಪಿಗೆ ಜನ ನೂರಾರು ಡಾಲರ್ ಕೊಡ್ತಾರೆ, ಇಲ್ಲದೇ ಇರೋದನ್ನ ಪುಟ್ಟಿಯಲ್ಲಿ ಹಾಕಿ ಮಾರ್ತಾರೆ. ಎರಡಕ್ಕೂ ವ್ಯತ್ಯಾಸ ಎರಡೇ ಅಕ್ಷರ. ಆ ಹುಡುಗ ಮುಂದೆ ಜಗತ್ತಿನ ಅತಿ ಹೆಸರುವಾಸಿ ಮಾಸ್ಟರಿಂಗ್ ಇಂಜಿನಿಯರ್ ಆಗಿ 2023ರಲ್ಲಿ ರಿಟೈರ್ ಆದ್ರು. ಹೌದು, ಅದೇ ಬ್ಯಾಂಡಿನ ಇಬ್ಬರು 1972ರಲ್ಲಿ ನಮ್ಮ ಬಾಂಬೆಗೆ ಬಂದು ಕೊಲಾಬಾದ ಸ್ಲಿಪ್ ಡಿಸ್ಕ್ ಅನ್ನೋ ಕ್ಲಬ್ಬಲ್ಲಿ ಬಾರಿಸಿದ್ರು, ಇಲ್ಲಿನ ವಾದ್ಯಗಾರರ ಜೊತೆ ರೆಕಾರ್ಡಿಂಗೂ ಮಾಡಿದ್ರು, ಅದು ಬೇರೆ ಕತೆ, ಅದಕ್ಕೆ ಇನ್ನೊಂದ್ಸಲ ಕರೀರಿ.

ಗಾಜಿನ ಆಚೆಯಿಂದ ಮೇಡಂ ಕೈ ತೋರಿಸ್ತಿದಾರೆ, ಆಯ್ತು, ಬೇಗ ಬೇಗ ಹೇಳ್ತೀನಿ.

ಜಾಜ್ ಕೇಳೋರು ಆರ್‌ವಿಜಿ ಹುಡುಕಿ. ರೂಡಿ ವ್ಯಾನ್ ಗೆಲ್ಡರ್. ಇವರು ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡೋರು, ಸಂಜೆ ನ್ಯೂಜೆರ್ಸಿಯಲ್ಲಿ ಅಪ್ಪ ಅಮ್ಮನ ಮನೆ ಹಾಲಲ್ಲೇ ರೆಕಾರ್ಡಿಂಗ್, 1959ರಲ್ಲಿ ಸ್ವಂತ ಸ್ಟುಡಿಯೋ ಕಟ್ಟಿಕೊಂಡ್ರು. ಬ್ಲೂ ನೋಟ್ ಕಂಪನಿ ತಟ್ಟೇಲಿ ಇವರ ಗುರುತು ಇದ್ರೆ ರೆಕಾರ್ಡ್ ಮಾಡಿದವರೇ ಕೊರೆದೂ ಇದಾರೆ ಅಂತ ಅರ್ಥ, ಇನ್ನೇನು ಬೇಕು. ಅದೇ ತಟ್ಟೇಲಿ ಕಿವಿ ಥರ ಒಂದು ಗೀಚು ಕಂಡ್ರೆ ಅದು ಪಿ ಅಕ್ಷರ, ಪ್ಲಾಸ್ಟಿಲೈಟ್ ಅನ್ನೋ ಫ್ಯಾಕ್ಟರಿಯದು, 1966ರವರೆಗಿನ ಒತ್ತು. ಇಂಗ್ಲೆಂಡಿನ ತಟ್ಟೇಲಿ ಎ ಪೋರ್ಕಿ ಪ್ರೈಮ್ ಕಟ್ ಅಂತ ಇದ್ರೆ ಅದು ಜಾರ್ಜ್ ಪೆಕ್‌ಹ್ಯಾಮ್. ಮಹಾ ತರಲೆ ಮನುಷ್ಯ, 1973ರಲ್ಲಿ ಒಂದು ಹಾಸ್ಯದ ತಂಡಕ್ಕೆ ಒಂದೇ ಕಡೇಲಿ ಎರಡು ಗೀರು ಅಕ್ಕಪಕ್ಕ ಕೊರೆದುಕೊಟ್ಟ, ಮುಳ್ಳು ಎಲ್ಲಿ ಇಳಿಯುತ್ತೋ ಅದರ ಮೇಲೆ ಬೇರೆ ಬೇರೆ ಕಾರ್ಯಕ್ರಮ ಬರುತ್ತೆ, ಕೊಂಡವರು ತಲೆ ಕೆಡಿಸ್ಕೊಂಡ್ರು. ಹಳೇ ಆಲ್ಬಮ್‌ನ ಈಗ ಮತ್ತೆ ಒತ್ತಿದ ಹೊಸ ರೀಇಷ್ಯೂಗಳಲ್ಲಿ ಕೆಪಿಜಿ ಇದ್ರೆ ಕೆವಿನ್ ಗ್ರೇ, ಬಿಜಿ ಇದ್ರೆ ಬರ್ನಿ ಗ್ರಂಡ್‌ಮನ್, ಕಣ್ಣುಮುಚ್ಚಿ ತಗೊಳ್ಳಿ.

ಇಂಗ್ಲೆಂಡಿನ ಇಎಂಐ ಕಂಪನಿ ತಟ್ಟೆದು ಇನ್ನೂ ಮಜಾ. ಖಾಲಿ ಪಟ್ಟಿಯ ನಂಬರ್ ಕೆಳಗೆ, ಗಡಿಯಾರದ ಆರು ಗಂಟೆ ಜಾಗಕ್ಕೆ ಬರೋ ಹಾಗೆ ಇಟ್ಟು, ಮೂರು ಗಂಟೆ ಜಾಗದಲ್ಲಿ ನೋಡಿ, ಒಂದೆರಡು ಅಕ್ಷರ ಇರುತ್ತೆ, ಅದು ಸ್ಟ್ಯಾಂಪರ್ ನಂಬರ್. ಜಿ ಅಂದ್ರೆ 1, ಆರ್ 2, ಎ 3, ಎಮ್ 4, ಓ 5, ಪಿ 6, ಎಚ್ 7, ಎಲ್ 8, ಟಿ 9, ಡಿ ಅಂದ್ರೆ ಸೊನ್ನೆ. ಗ್ರಾಮಫೋನ್ ಲಿಮಿಟೆಡ್ ಅನ್ನೋ ಹೆಸರಿಂದಲೇ ಆರಿಸ್ಕೊಂಡಿದ್ದು. ಆರ್‌ಓ ಇದ್ರೆ 25ನೇ ಸ್ಟ್ಯಾಂಪರ್. ಬರೆದುಕೊಂಡ್ರಾ?

ನಮ್ಮ ದೇಶದ್ದು ಏನು ಅಂತೀರಿ. ಕಲ್ಕತ್ತಾ ಹತ್ತಿರದ ಡಮ್‌ಡಮ್ ಫ್ಯಾಕ್ಟರಿಯಲ್ಲಿ ಒತ್ತಿದ ಎಚ್‌ಎಂವಿ ತಟ್ಟೇಲಿ ಸಾಮಾನ್ಯವಾಗಿ ನಂಬರ್ ಸಿಗುತ್ತೆ, ಆ ನಂಬರ್ ಬರೆದಿಟ್ಕೊಳ್ಳಿ. ಆದ್ರೆ ಈ ಗುರುತು ಹಾಕೋ ಪದ್ಧತಿ ನಮ್ಮಲ್ಲಿಗೆ ಬಂದಿದ್ದು ತುಂಬಾ ಹಿಂದೆ. 1902ರಲ್ಲಿ ಗ್ರಾಮಫೋನ್ ಕಂಪನಿಯ ರೆಕಾರ್ಡಿಸ್ಟ್ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಗೆ ಬಂದು ಗೌಹರ್ ಜಾನ್ ಅವರ ಹಾಡು ರೆಕಾರ್ಡ್ ಮಾಡಿದ್ರಲ್ಲ, ತಟ್ಟೆ ಒತ್ತೋದು ಜರ್ಮನಿಯ ಹ್ಯಾನೋವರಲ್ಲಿ, ಅಲ್ಲಿನವರಿಗೆ ಯಾರ ಹಾಡು ಅಂತ ಗೊತ್ತಾಗಲಿ ಅಂತ ಹಾಡಿದವರು ಕೊನೇಲಿ ಗಟ್ಟಿಯಾಗಿ ಹೆಸರು ಹೇಳಬೇಕಿತ್ತು, ಆಕೆ ಮೈ ನೇಮ್ ಈಸ್ ಗೌಹರ್ ಜಾನ್ ಅಂತ ಹೇಳಿರೋದು ಎಲ್ಲರಿಗೂ ಗೊತ್ತು. ರೆಕಾರ್ಡ್ ಮಾಡಿದವನ ಹೆಸರು? ಅದೂ ಇದೆ, ಆ ಕಾಲದ ಗ್ರಾಮಫೋನ್ ಕಂಪನಿ ತಟ್ಟೆಗಳಲ್ಲಿ ನಂಬರಿನ ಕೊನೇಲಿ ಒಂದು ಸಣ್ಣ ಅಕ್ಷರ ಇರುತ್ತೆ, ಯಾವ ರೆಕಾರ್ಡಿಸ್ಟು, ತಟ್ಟೆ ಎಷ್ಟು ಇಂಚು, ಎರಡನ್ನೂ ಆ ಒಂದು ಅಕ್ಷರ ಹೇಳುತ್ತೆ. ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರು ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ್ರು, ಹಾಗಾಗಿ ನಿಮ್ಮಲ್ಲಿ ಮೈಸೂರು ಕಡೆಯವರ ಮನೆ ಪೆಟ್ಟಿಗೇಲಿ ಅಂಥದ್ದೊಂದು ಇದ್ರೂ ಇರಬಹುದು, ದಯವಿಟ್ಟು ಅದಕ್ಕೆ ತೂತು ಕೊರೆದು ಗೋಡೆ ಗಡಿಯಾರ ಮಾಡಬೇಡಿ. ಮಾಡ್ತಾರೆ ಸ್ವಾಮಿ, ಬಣ್ಣ ಬೇರೆ ಹಚ್ತಾರೆ!

ಮಟನ್ ಸ್ಟ್ರೀಟಿಗೆ ಶುಕ್ರವಾರ ಬೆಳಗ್ಗೆ ಬೇಗ ಹೋಗಿ. ಮೊಬೈಲ್ ಟಾರ್ಚ್ ಸಾಕು, ಮೇಲಿಂದ ಬಿಡಬೇಡಿ, ಪಕ್ಕದಿಂದ ಬಿಡಿ, ಆಗಲೇ ಗೀಚಿದ್ದು ಎದ್ದು ಕಾಣೋದು. ಗೀರಿನ ಮೇಲೆ ಬೆರಳಿಡಬೇಡಿ. ಎರಡೂ ಕಡೆ ನೋಡಿ, ಒಂದು ಕಡೆ ಒಬ್ಬ ಇನ್ನೊಂದು ಕಡೆ ಇನ್ನೊಬ್ಬ ಕೊರೆದಿರೋದು ಉಂಟು. ಅಂಗಡಿಯವನು ಕ್ಯಾ ದೇಖ್ ರಹೇ ಹೋ ಸಾಬ್ ಅಂದ್ರೆ ಸ್ಕ್ರ್ಯಾಚ್ ನೋಡ್ತಿದೀನಿ ಅನ್ನಿ, ಆರ್‌ಎಲ್ ಸಿಕ್ತು ಅಂತ ಬಾಯಿ ಬಿಡಬೇಡಿ, ಅಲ್ಲೇ ರೇಟ್ ಏರಿಸಿಬಿಡ್ತಾನೆ. ಇನ್ನು ತೊಳೆಯೋದು ಹೇಗೆ ಅನ್ನೋದು ಉಳಿದಿತ್ತು, ಮೇಡಂ ಆಗ್ಲೇ ಎದ್ದು ನಿಂತಿದಾರೆ. ನಮಸ್ಕಾರ.