ಗೇರ್ ಕೂರ್ತಿಲ್ವಾ? ಸ್ಕ್ರೂ ಬಿಡಿ, ಕೇಬಲ್ ನೋಡಿ

ನಮಸ್ಕಾರ. ಕಳೆದ ವಿಡಿಯೊದ ಕೆಳಗೆ ಕುಮಟಾದ ವೀಕ್ಷಕರೊಬ್ಬರು ಕೇಳಿದ್ದಾರೆ: "ಮಳೆಗಾಲ ಮುಗಿದ ಮೇಲೆ ಸೈಕಲ್ ಗೇರ್ ಸರಿ ಕೂರ್ತಿಲ್ಲ. ಎಚ್, ಎಲ್ ಎರಡೂ ಸ್ಕ್ರೂ ತಿರುಗಿಸಿದೆ, ಇನ್ನೂ ಹಾಳಾಯ್ತು. ಎಷ್ಟು ಸುತ್ತು ತಿರುಗಿಸಬೇಕು?" ಎಷ್ಟೂ ಬೇಡ ಮಾರಾಯ್ರೆ, ಸ್ಕ್ರೂಡ್ರೈವರ್ ಕೆಳಗಿಡಿ! ಅದಕ್ಕೆ ಇನ್ನೊಬ್ಬರು "ಎಲ್ ಅರ್ಧ ಸುತ್ತು ಸಡಿಲ ಮಾಡಿ ನೋಡಿ" ಅಂತ ಸಲಹೆ ಬೇರೆ ಕೊಟ್ಟಿದ್ದಾರೆ. ಇವತ್ತಿನ ಮಾತು ಆ ಸಲಹೆಯ ಮೇಲೆಯೇ.

ಆ ಎರಡು ಸ್ಕ್ರೂ ಇರುವುದು ಡಿರೇಲರ್ ಮೇಲೆ, ಅಂದರೆ ಹಿಂದಿನ ಚಕ್ರದ ಹತ್ತಿರ ಚೈನನ್ನು ಪಕ್ಕಕ್ಕೆ ಸರಿಸುವ ಸಾಧನದ ಮೇಲೆ. ಅವು ಗೇರ್ ಬದಲಿಸುವುದಕ್ಕೆ ಇರುವುದಲ್ಲ. ಅವು ಎರಡು ತುದಿಯ ಬೇಲಿ. ಚೈನು ಸಣ್ಣ ಸ್ಪ್ರಾಕೆಟ್ (ಹಿಂದಿನ ಹಲ್ಲುಚಕ್ರ) ದಾಟಿ ಫ್ರೇಮಿನ ಸಂದಿಗೆ ಬೀಳದಂತೆ ಎಚ್ ತಡೆಯುತ್ತದೆ, ದೊಡ್ಡ ಸ್ಪ್ರಾಕೆಟ್ ದಾಟಿ ಕಡ್ಡಿಗಳಿಗೆ ಹೋಗದಂತೆ ಎಲ್ ತಡೆಯುತ್ತದೆ. ನಡುವಿನ ಗೇರ್‌ಗಳಿಗೂ ಅವಕ್ಕೂ ಸಂಬಂಧ ಇಲ್ಲ. ಚಕ್ರ, ಡಿರೇಲರ್, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಯಾವುದೂ ಬದಲಾಗದೆ ಬೇಲಿ ತಾನಾಗಿ ಜರುಗುವುದಿಲ್ಲ. ಎಲ್ ಸಡಿಲ ಮಾಡಿಕೊಂಡು ದೇವಿಮನೆ ಘಾಟಿ ಹತ್ತಿ, ಒಂದನೇ ಗೇರಿಗೆ, ಅಂದರೆ ದೊಡ್ಡ ಸ್ಪ್ರಾಕೆಟ್‌ಗೆ, ಹಾಕಿ ಮೈಭಾರ ಎಲ್ಲ ಪೆಡಲ್ ಮೇಲೆ ಬಿಡಿ. ಚೈನು ಕಡ್ಡಿಗೆ ಸಿಕ್ಕಿಕೊಂಡು, ಡಿರೇಲರ್ ಚಕ್ರದೊಳಗೆ ಸೇರಿ, ಹ್ಯಾಂಗರ್ ಮುರಿಯುತ್ತದೆ. ಆಮೇಲೆ ಶಿರಸಿ ತನಕ ತಳ್ಳುವುದೇ.

ಕೆಟ್ಟಿರುವುದು ಕೇಬಲ್. ಯಾಕೆ ಅಂತ ಲೆಕ್ಕ ಹಾಕಿ. ಹಿಂದೆ ಎಂಟು ಸ್ಪ್ರಾಕೆಟ್ ಇರುವ ಶಿಮಾನೊ ಕಂಪನಿಯ 8 ಸ್ಪೀಡ್‌ನಲ್ಲಿ ಹ್ಯಾಂಡಲ್ ಮೇಲಿನ ಗೇರ್ ಲಿವರ್ ಒಂದು ಕ್ಲಿಕ್ಕಿಗೆ ಎಳೆಯುವುದು ಸುಮಾರು 2.8 ಮಿ.ಮೀ. ಕೇಬಲ್. ಡಿರೇಲರ್ ಅದನ್ನು 1.7 ಪಟ್ಟು ಮಾಡಿ ಸುಮಾರು 4.8 ಮಿ.ಮೀ. ಸರಿಯುತ್ತದೆ, ಎರಡು ಸ್ಪ್ರಾಕೆಟ್ ನಡುವಿನ ದೂರವೂ ಅಷ್ಟೇ. ಕೇಬಲ್ ಅರ್ಧ ಮಿ.ಮೀ. ಸಿಕ್ಕಿಕೊಂಡರೂ ಕೆಳಗೆ 0.85 ಮಿ.ಮೀ. ತಪ್ಪುತ್ತದೆ. ಕಟಕಟ ಸದ್ದಿಗೆ ಅಷ್ಟು ಸಾಕು. ನಮ್ಮ ಕಾರವಾರದಲ್ಲಿ ಕಾಳಿ ಸೇತುವೆ ಮೇಲೆ ಬೀಸುವ ಗಾಳಿಯಲ್ಲೇ ಉಪ್ಪು. ಶಿರಸಿಯವರು "ನಮಗೆ ಸಮುದ್ರ ಇಲ್ಲ" ಅನ್ನಬೇಡಿ, ನಿಮಗೆ ನಾಲ್ಕು ತಿಂಗಳ ಮಳೆ ಇದೆ, ಕೆಂಪು ಕೆಸರಿದೆ. ಹಿಂದಿನ ಡಿರೇಲರ್‌ಗೆ ಬಾಗಿ ಸೇರುವ ಔಟರ್ (ಕೇಬಲಿನ ಹೊರಕೊಳವೆ) ತುಂಡು, ಒಂದು ಗೇಣಿಗಿಂತ ತುಸು ಹೆಚ್ಚು ಉದ್ದದ್ದು, ಅದರೊಳಗೆ ನೀರು ಇಳಿದು ನಿಂತು ತುಕ್ಕು ಹಿಡಿಯುತ್ತದೆ.

ಗುರುತು ಹೇಳ್ತೇನೆ. ದೊಡ್ಡ ಸ್ಪ್ರಾಕೆಟ್‌ಗೆ ಚೆನ್ನಾಗಿ ಹತ್ತುತ್ತದೆ, ಸಣ್ಣದಕ್ಕೆ ಇಳಿಯಲು ತಡ ಮಾಡುತ್ತದೆ. ಹತ್ತಿಸುವುದು ನಿಮ್ಮ ಹೆಬ್ಬೆರಳಿನ ಬಲ, ಇಳಿಸುವುದು ಡಿರೇಲರ್ ಸ್ಪ್ರಿಂಗ್ ಮಾತ್ರ. ತುಕ್ಕು ಹಿಡಿದ ಕೇಬಲನ್ನು ಆ ಸ್ಪ್ರಿಂಗ್ ಎಳೆಯಲಾರದು. ಇಳಿಯುವುದಕ್ಕೆ ಸರಿಮಾಡಿದರೆ ಹತ್ತುವುದು ಕೆಡುತ್ತದೆ, ಹತ್ತುವುದಕ್ಕೆ ಮಾಡಿದರೆ ಇಳಿಯುವುದು ಕೆಡುತ್ತದೆ. ಹೀಗಾಗುತ್ತಿದ್ದರೆ ಅದು ಕೇಬಲ್ಲೇ.

ಬಿಚ್ಚಿ ನೋಡಲು ಯಾವ ಸಾಮಾನೂ ಬೇಡ. ಪೆಡಲ್ ತಿರುಗಿಸುತ್ತ ದೊಡ್ಡ ಸ್ಪ್ರಾಕೆಟ್‌ಗೆ ಹಾಕಿ. ಚಕ್ರ ನಿಲ್ಲಿಸಿ, ಪೆಡಲ್ ಮುಟ್ಟದೆ ಲಿವರನ್ನು ಕೊನೇ ನಂಬರಿನ ತನಕ ಕ್ಲಿಕ್ ಮಾಡಿ. ಕೇಬಲ್ ಜೋಲು ಬೀಳುತ್ತದೆ. ಔಟರ್ ತುದಿ ಕೂರುವ, ಫ್ರೇಮಿನ ಸೀಳಿರುವ ಸ್ಟಾಪ್‌ನಿಂದ ಔಟರ್ ಹೊರಗೆಳೆದು ಇನ್ನರ್ (ಒಳಗಿನ ತಂತಿ) ಮೇಲೆ ಹಿಂದೆ ಮುಂದೆ ಜಾರಿಸಿ. ಬರೀ ಕೆಸರಾಗಿದ್ದರೆ ಒರೆಸಿ, ತೆಳು ಎಣ್ಣೆ ಒಂದು ಹನಿ ಬಿಟ್ಟು ಮತ್ತೆ ಕೂರಿಸಿ. ಗರಗರ ಅಂದರೆ, ಎಳೆ ಬಿಟ್ಟಿದ್ದರೆ, ಬದಲಿಸಿ. 1.2 ಮಿ.ಮೀ. ಸ್ಟೇನ್‌ಲೆಸ್ ಇನ್ನರ್, 4 ಮಿ.ಮೀ. ಗೇರ್ ಔಟರ್. ಬ್ರೇಕ್ ಔಟರ್ ಹಾಕಲೇಬೇಡಿ! ಅದರೊಳಗಿನ ತಂತಿ ಸುರುಳಿ, ಒತ್ತಿದರೆ ಕುಗ್ಗುತ್ತದೆ. ಗೇರ್ ಔಟರಿನ ತಂತಿ ಉದ್ದಕ್ಕೆ ಇರುತ್ತದೆ, ಕುಗ್ಗುವುದಿಲ್ಲ. ಔಟರನ್ನು ನೇರವಾಗಿ ಕತ್ತರಿಸಿ, ಚಪ್ಪಟೆಯಾದ ಒಳಬಾಯನ್ನು ದಬ್ಬಣದಲ್ಲಿ ಬಿಡಿಸಿ, ತುದಿಗೆ ಕ್ಯಾಪ್ ಹಾಕಿ.

ಆಮೇಲೆ ಬ್ಯಾರಲ್, ಅಂದರೆ ಕೇಬಲ್ ಡಿರೇಲರ್‌ಗೆ ಸೇರುವಲ್ಲಿ ಕೈಯಲ್ಲಿ ತಿರುಗಿಸುವ ತಿರುಪು, ಪೂರ್ತಿ ಒಳಗೆ ತಿರುಗಿಸಿ ಒಂದು ಸುತ್ತು ಹೊರಗೆ ತನ್ನಿ. ಚೈನು ಸಣ್ಣ ಸ್ಪ್ರಾಕೆಟ್‌ನಲ್ಲಿರಲಿ. ಕೇಬಲನ್ನು ಕೈಯಲ್ಲಿ ಎಳೆದು ಹಿಡಿದು, ಡಿರೇಲರ್‌ನಲ್ಲಿ ಅದನ್ನು ಹಿಡಿಯುವ ಬೋಲ್ಟ್ ಬಿಗಿ ಮಾಡಿ, ಹೆಚ್ಚಿನವಕ್ಕೆ 5 ಮಿ.ಮೀ. ಅಲೆನ್ ಕೀ. ಒಂದು ಕ್ಲಿಕ್ಕಿಗೆ ಎರಡನೇ ಸ್ಪ್ರಾಕೆಟ್ ಹತ್ತದಿದ್ದರೆ ಬ್ಯಾರಲನ್ನು, ಸೈಕಲ್ ಹಿಂದಿನಿಂದ ನೋಡಿ, ಗಡಿಯಾರದ ವಿರುದ್ಧ ಕಾಲು ಸುತ್ತು ತಿರುಗಿಸಿ. ಮೂರನೆಯದಕ್ಕೆ ತಾಗಿ ಸದ್ದು ಬಂದರೆ ಕಾಲು ಸುತ್ತು ವಾಪಸ್. ಅಷ್ಟೇ. ಸ್ಕ್ರೂ ಎಲ್ಲಿ ಬಂತು ಇದರಲ್ಲಿ?

"ಮೊನ್ನೆಯಷ್ಟೇ ಹೊಸ ಕೇಬಲ್ ಹಾಕಿಸಿದ್ದೇನೆ" ಅಂತೀರಿ. ಔಟರ್ ಹಳೇದೇ ಬಿಟ್ಟು ಇನ್ನರ್ ಮಾತ್ರ ಹಾಕಿಸಿದ್ದರೆ ತುಕ್ಕು ಅಲ್ಲೇ ಇದೆ! ಎರಡೂ ಹೊಸದಾದರೆ ಮೊದಲ ಕೆಲವು ದಿನ ಔಟರ್ ಕೂತುಕೊಂಡು ಸಡಿಲ ಬರುತ್ತದೆ, ಬ್ಯಾರಲ್ ಕಾಲು ಸುತ್ತು ಸಾಕು. "ಹ್ಯಾಂಗರ್ ಬಾಗಿದ್ದರೆ?" ಹಿಂದೆ ನಿಂತು ನೋಡಿ, ಡಿರೇಲರಿನ ಎರಡು ಪುಟ್ಟ ಚಕ್ರ ಒಂದೇ ಸಾಲಿನಲ್ಲಿ ನೆಟ್ಟಗೆ ಇರಬೇಕು. ಓರೆಯಾಗಿದ್ದರೆ ಹ್ಯಾಂಗರ್ ನೇರ ಮಾಡಿಸಿ. ಆಗಲೂ ಮೊದಲು ಮುಟ್ಟುವುದು ಸ್ಕ್ರೂ ಅಲ್ಲ! ಹ್ಯಾಂಗರ್ ನೇರ ಮಾಡುವುದನ್ನು ಮುಂದಿನ ವಿಡಿಯೊದಲ್ಲಿ ತೋರಿಸ್ತೇನೆ, ಸಬ್‌ಸ್ಕ್ರೈಬ್ ಮಾಡಿ ಗಂಟೆ ಒತ್ತಿಡಿ.

ಇನ್ನು ಕುಮಟಾದವರೇ, ನೀವು ಈಗಾಗಲೇ ತಿರುಗಿಸಿಬಿಟ್ಟಿದ್ದೀರಿ. ಕೇಬಲ್ ಕಳಚಿ. ಮೇಲಿನ ಪುಟ್ಟ ಚಕ್ರ ಸಣ್ಣ ಸ್ಪ್ರಾಕೆಟಿನ ಹೊರ ಅಂಚಿನ ನೇರಕ್ಕೆ ಬರುವಷ್ಟು ಎಚ್. ಪೆಡಲ್ ನಿಧಾನ ತಿರುಗಿಸುತ್ತ ಡಿರೇಲರನ್ನು ಕೈಯಲ್ಲಿ ಒಳಗೆ ತಳ್ಳಿ, ಪುಟ್ಟ ಚಕ್ರ ದೊಡ್ಡ ಸ್ಪ್ರಾಕೆಟಿನ ಕೆಳಗೆ ನೇರ ನಿಲ್ಲುವಷ್ಟು ಎಲ್. ಆಮೇಲೆ ಸ್ಕ್ರೂಡ್ರೈವರ್ ಡಬ್ಬಿಗೆ. ಈ ವಿಡಿಯೊ ಕೆಳಗೆ ಮತ್ತೆ "ಎಷ್ಟು ಸುತ್ತು" ಅಂತ ಕೇಳಿದರೆ ನನ್ನ ಉತ್ತರ ಒಂದೇ: ಕೇಬಲ್ ನೋಡಿದಿರಾ? ನೋಡಿಲ್ವಾ? ಮೊದಲು ನೋಡಿ ಬನ್ನಿ!